ಎಪಿಎಂಸಿ ಧಾರಣೆ ತಾನಾಗಿ ಗೂಗಲ್ ಗ್ರೂಪ್‌ಗೆ ಹೋಗಬೇಕು, ಕೋಡ್ ಬರೆಯದೆ ಮಾಡಿದವರು ಅನುಭವ ಹೇಳಿ

ಶಿರಸಿ ತೋಟ
ನಮ್ಮ ಕಡೆಯ ಅಡಿಕೆ ಬೆಳೆಗಾರರದ್ದೊಂದು ಗೂಗಲ್ ಗ್ರೂಪ್ ಇದೆ. ಹಿರಿಯರೇ ಜಾಸ್ತಿ, ಎಲ್ಲರೂ ಇಮೇಲ್‌ನಲ್ಲಿ ಓದುತ್ತಾರೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಇಷ್ಟು ಬಗೆಯ ಅಡಿಕೆಯ ಧಾರಣೆಯನ್ನು ವೆಬ್‌ಸೈಟ್ ನೋಡಿ ದಿನಾ ನಾನೇ ಟೈಪ್ ಮಾಡಿ ಕಳಿಸುತ್ತಿದ್ದೇನೆ. ಇದು ತಾನಾಗಿ ಆಗಬೇಕು. ಒಂದು ಕಡೆಯ ಮಾಹಿತಿಯನ್ನು ತಾನಾಗಿ ಇನ್ನೊಂದು ಕಡೆಗೆ ಕಳಿಸುವ ಝೇಪಿಯರ್, ಮೇಕ್, ಎನ್8ಎನ್ ಇವುಗಳಲ್ಲಿ ಯಾವುದು ಒಳ್ಳೆಯದು? ತಿಂಗಳಿಗೆ 300 ರೂಪಾಯಿ ದಾಟಬಾರದು.

ದಾವಣಗೆರೆ ಜೋಳದವ
ನಾನು ಮೆಕ್ಕೆಜೋಳಕ್ಕೆ ಮೇಕ್‌ನಲ್ಲಿ ಮಾಡಿಸಿದ್ದೇನೆ, ಟೆಲಿಗ್ರಾಂ ಗ್ರೂಪ್‌ಗೆ ಹೋಗುತ್ತದೆ. ಮಾಡಿಕೊಟ್ಟವನು 6,000 ತೆಗೆದುಕೊಂಡ. ಉಚಿತ ಪ್ಲಾನ್‌ನಲ್ಲಿ ತಿಂಗಳಿಗೆ 1,000 ಆಪರೇಷನ್ ಸಿಗುತ್ತದೆ, ಧಾರಾಳ ಸಾಕು ಅಂದಿದ್ದ. ಆಪರೇಷನ್ ಅಂದರೆ ಅದು ಮಾಡುವ ಒಂದೊಂದು ಕೆಲಸ, ಈಗ ಕ್ರೆಡಿಟ್ ಅನ್ನುತ್ತಾರೆ. ನಾಲ್ಕನೇ ದಿನಕ್ಕೇ ಎಲ್ಲ ಖಾಲಿ! ಯಾಕೆ ಅಂತ ನಾನೇ ಕೂತು ಲೆಕ್ಕ ಹಾಕಿದೆ. ಪುಟ ತರುವುದಕ್ಕೆ 1, ಅದರಿಂದ ಪಟ್ಟಿ ಬಿಡಿಸಿಕೊಳ್ಳುವುದಕ್ಕೆ 1. ಪಟ್ಟಿಯಲ್ಲಿ 40 ಸಾಲು. ಪ್ರತಿ ಸಾಲನ್ನೂ ಶೀಟ್‌ಗೆ ಬರೆಯುವುದು 40, ಪ್ರತಿ ಸಾಲನ್ನೂ ಬೇರೆ ಬೇರೆ ಮೆಸೇಜ್ ಆಗಿ ಕಳಿಸುವುದು 40. ಒಂದು ಸಲಕ್ಕೆ 82. ದಿನಕ್ಕೆ ನಾಲ್ಕು ಸಲ ಓಡಿದರೆ 328. ಅವನು ಇದನ್ನು ನೋಡಿಯೇ ಇಲ್ಲ. ಕೇಳಿದರೆ ದುಡ್ಡಿನ ಪ್ಲಾನ್ ತಗೊಳ್ಳಿ ಅಂದ.

ಆಮೇಲೆ ಟೆಕ್ಸ್ಟ್ ಅಗ್ರಿಗೇಟರ್ ಹಾಕಿದೆ. ಎಲ್ಲಾ ಸಾಲೂ ಸೇರಿ ಒಂದೇ ಮೆಸೇಜ್ ಆಗುತ್ತದೆ. ಶೀಟ್ ತೆಗೆದುಹಾಕಿದೆ. ಈಗ ತರುವುದು, ಬಿಡಿಸುವುದು, ಸೇರಿಸುವುದು, ಕಳಿಸುವುದು ಅಂತ ಒಂದು ಸಲಕ್ಕೆ 4, ದಿನಕ್ಕೆ 16, ತಿಂಗಳಿಗೆ 480. ಬೇಡದ್ದನ್ನು ತಡೆಯುವ ಫಿಲ್ಟರ್ ಆಪರೇಷನ್ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟು ಬೇಕಾದರೂ ಹಾಕಿ. ಇದನ್ನು ನಾನೇ ಮಾಡಿಕೊಂಡೆ, ಆ 6,000 ಮಾತ್ರ ವಾಪಸ್ ಬರಲಿಲ್ಲ.

ಕೋಲಾರ ಮಂಡಿ
ಇಮೇಲ್ ಯಾರು ಓದುತ್ತಾರೆ ಈಗ? ನಮ್ಮಲ್ಲಿ ಟೊಮೆಟೊ 15 ಕೆಜಿ ಬಾಕ್ಸ್ ಲೆಕ್ಕ, ಹರಾಜು ನಡೆಯುವಾಗಲೇ ದರ ಏರಿಳಿಯುತ್ತದೆ. ಸಂಜೆ ಮೇಲ್ ಬಂದರೆ ಪ್ರಯೋಜನ ಇಲ್ಲ. ವಾಟ್ಸಾಪ್ ಗ್ರೂಪ್‌ಗೇ ಹೋಗಬೇಕು ಅಂತ ಒಬ್ಬರ ಹತ್ತಿರ ಟೂಲ್ ತೆಗೆದುಕೊಂಡೆ. ವರ್ಷಕ್ಕೆ 4,999. ಕ್ಯೂಆರ್ ಸ್ಕ್ಯಾನ್ ಮಾಡಿ ನನ್ನ ನಂಬರ್ ಜೋಡಿಸಿದರು. ಅನಧಿಕೃತ ಟೂಲ್‌ನಿಂದ ತಾನಾಗಿ ಕಳಿಸುವುದು ನಿಯಮಕ್ಕೆ ವಿರುದ್ಧ ಅಂತ ಮಾರುವಾಗ ಒಂದು ಮಾತು ಹೇಳಲಿಲ್ಲ. ನಂಬರ್ ಬ್ಯಾನ್ ಆಯಿತು. ಅಪ್ಪನ ಕಾಲದಿಂದ ಮಂಡಿಯವರು, ಲಾರಿಯವರು ಎಲ್ಲರ ಹತ್ತಿರ ಇದ್ದ ನಂಬರ್ ಅದು. ಹೊಸ ಸಿಮ್ ತೆಗೆದುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕಾಯಿತು. ಟೂಲ್ ಮಾರಿದವರು ಈಗ ಫೋನ್ ಎತ್ತುವುದಿಲ್ಲ.

ಸಾಗರದ ಕೊನೆಗೌಡ
ನನಗೆ ಒಂದು ಪೈಸೆ ಖರ್ಚಾಗಿಲ್ಲ. ಗೂಗಲ್ ಶೀಟ್‌ನಲ್ಲಿ ಇಂಪೋರ್ಟ್ ಎಚ್‌ಟಿಎಂಎಲ್ ಅಂತ ಒಂದು ಫಾರ್ಮುಲಾ ಇದೆ. ಪುಟದ ವಿಳಾಸ ಕೊಟ್ಟು, ಎಷ್ಟನೇ ಟೇಬಲ್ ಅಂತ ಹೇಳಿದರೆ ಆಯಿತು. ಗಂಟೆಗೊಮ್ಮೆ ತಾನೇ ಹೊಸದಾಗುತ್ತದೆ. ಅದಕ್ಕೊಂದು ಆ್ಯಪ್ಸ್ ಸ್ಕ್ರಿಪ್ಟ್, ಅಂದರೆ ಶೀಟ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ. ಸಂಜೆ ಹೊತ್ತಿಗೆ ತಾನಾಗಿ ಓಡಲು ಟ್ರಿಗರ್. ಸಾಮಾನ್ಯ ಜಿಮೇಲ್ ಖಾತೆಗೆ ಸ್ಕ್ರಿಪ್ಟ್‌ನಿಂದ ದಿನಕ್ಕೆ 100 ಜನಕ್ಕಷ್ಟೇ ಮೇಲ್ ಕಳಿಸಲು ಆಗುವುದು. ಆದರೆ ಗ್ರೂಪ್‌ನ ವಿಳಾಸ ಅಂದರೆ ಒಂದೇ ವಿಳಾಸ! ಒಳಗೆ ಎಷ್ಟೇ ಸದಸ್ಯರಿರಲಿ. ಇಷ್ಟು ಸುಲಭದ್ದಕ್ಕೆ 6,000, 4,999 ಕೊಟ್ಟವರನ್ನು ನೋಡಿದರೆ ಬೇಜಾರಾಗುತ್ತದೆ.

ದಾವಣಗೆರೆ ಜೋಳದವ
ಸ್ಕ್ರಿಪ್ಟ್ ಅಂದರೆ ಕೋಡ್ ಅಲ್ವಾ ಸ್ವಾಮಿ? ಅವರು ಕೋಡ್ ಬರೆಯದೆ ಅಂತಲೇ ಕೇಳಿದ್ದಾರೆ.

ಸಾಗರದ ಕೊನೆಗೌಡ
ಹತ್ತು ಸಾಲು. ಕಾಪಿ ಪೇಸ್ಟ್ ಮಾಡುವುದು. ನಾನು ಓದಿದ್ದು ಪಿಯುಸಿ, ನನಗೆ ಆಗಿದೆ.

ದಾವಣಗೆರೆ ಜೋಳದವ
ನಿಮ್ಮ ಫಾರ್ಮುಲಾ ಎಲ್ಲಾ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಿ. ಮಾರುಕಟ್ಟೆ ಆರಿಸಿ, ಸರಕು ಆರಿಸಿ, ಬಟನ್ ಒತ್ತಿದ ಮೇಲೆ ಪಟ್ಟಿ ಬರುವ ಪುಟ ಇದ್ದರೆ ಅದು ಬರೀ ಖಾಲಿ ತೋರಿಸುತ್ತದೆ. ಜಾವಾಸ್ಕ್ರಿಪ್ಟ್‌ನಿಂದ ತುಂಬುವ ಪುಟಕ್ಕೂ ಅಷ್ಟೇ. ಆಗ ಪುಟದಿಂದ ಮಾಹಿತಿ ಎತ್ತಿಕೊಳ್ಳುವ ನಿಜವಾದ ಸ್ಕ್ರೇಪರ್ ಬೇಕೇ ಬೇಕು. ಏಪಿಫೈ ತರಹದ್ದು ಪುಟವನ್ನು ಬ್ರೌಸರ್‌ನಲ್ಲಿ ತೆರೆದು ಓದುತ್ತದೆ. ಕ್ರೋಮ್ ಎಕ್ಸ್‌ಟೆನ್ಷನ್ ಸಾಕು ಅಂತ ಹೇಳುವವರಿದ್ದಾರೆ. ಲ್ಯಾಪ್‌ಟಾಪ್ ಆಫ್ ಆಗಿದ್ದರೆ ಅದು ಓಡುವುದಿಲ್ಲ, ಕರೆಂಟ್ ಹೋಗುವ ಊರಲ್ಲಿ ಇದು ಸಣ್ಣ ಮಾತಲ್ಲ.

ತೀರ್ಥಹಳ್ಳಿಯಿಂದ ಬೆಂಗಳೂರಿಗೆ
ನಾನು ಎಲ್ಲಾ ಬಿಟ್ಟು ಎನ್8ಎನ್ ಅನ್ನು ಬಾಡಿಗೆ ಸರ್ವರ್‌ನಲ್ಲಿ ಹಾಕಿದವನು. ಅದಕ್ಕೆ ಕಾರಣ ಕಾರ್ಡ್‌ನಲ್ಲಿ ದುಡ್ಡು ಕಟ್ಟುವ ತೊಂದರೆ. ಮೊದಲು ಒಂದು ಆಟೊಮೇಷನ್ ಸೇವೆಗೆ ತಿಂಗಳಿಗೆ 20 ಡಾಲರ್ ಕಟ್ಟುತ್ತಿದ್ದೆ. ಡಾಲರ್ 83 ಇದ್ದಾಗ 1,660. ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ 3.5%, ಅಂದರೆ 58. ಆ 58ರ ಮೇಲೆ 18% ಜಿಎಸ್‌ಟಿ, ಇನ್ನೊಂದು 10. ಒಟ್ಟು 1,728. ಅಷ್ಟು ಕೊಡಲು ತಯಾರಿದ್ದರೂ ತಿಂಗಳು ತಿಂಗಳು ತಾನಾಗಿ ಕಡಿತ ಆಗುವುದು ನಿಂತುಹೋಯಿತು. ಬ್ಯಾಂಕ್ ಹೇಳಿತು ಇ-ಮ್ಯಾಂಡೇಟ್, ಅಂದರೆ ತಾನಾಗಿ ಕಡಿತ ಮಾಡಲು ಗ್ರಾಹಕರ ಒಪ್ಪಿಗೆ ಬೇಕೆನ್ನುವ ನಿಯಮ ಅಂತ. ಸೇವೆಯವರು ಹೇಳಿದರು ಬ್ಯಾಂಕ್‌ನ ತಪ್ಪು ಅಂತ. ಅಷ್ಟರಲ್ಲಿ ಸೇವೆಯವರು ನನ್ನ ಎಲ್ಲಾ ಆಟೊಮೇಷನ್ ನಿಲ್ಲಿಸಿದರು, ಗ್ರೂಪ್‌ನಲ್ಲಿ ಧಾರಣೆ ಇಲ್ಲ.

ಈಗ ಸರ್ವರ್‌ಗೆ ತಿಂಗಳಿಗೆ 450 ಯುಪಿಐನಲ್ಲಿ ಕಟ್ಟುತ್ತೇನೆ. ಆಪರೇಷನ್ ಎಣಿಸುವ ತಲೆನೋವೇ ಇಲ್ಲ. ಟೆಲಿಗ್ರಾಂನವರಿಗೆ ಒಂದು ಮಾತು. ಸಾಮಾನ್ಯ ಗ್ರೂಪ್ ಸೂಪರ್‌ಗ್ರೂಪ್ (ಟೆಲಿಗ್ರಾಂನ ದೊಡ್ಡ ಬಗೆಯ ಗ್ರೂಪ್) ಆದರೆ ಅದನ್ನು ಗುರುತಿಸುವ ಸಂಖ್ಯೆ, ಅಂದರೆ ಚಾಟ್ ಐಡಿ ಬದಲಾಗುತ್ತದೆ, -100 ಅಂತ ಶುರುವಾಗುತ್ತದೆ. ಹಳೆ ಐಡಿಗೆ ಕಳಿಸಿದರೆ ಬರೀ ಎರರ್. ಒಂದು ಮೆಸೇಜ್‌ಗೆ 4,096 ಅಕ್ಷರದ ಮಿತಿಯೂ ಇದೆ.

ಕೋಲಾರ ಮಂಡಿ
ತೋಟದವರಿಗೆ ಸರ್ವರ್ ಅಂತೆಲ್ಲ ಹೇಳುತ್ತೀರಲ್ಲ, ರಾತ್ರಿ ಅದು ಕೆಟ್ಟರೆ ಯಾರು ನೋಡುತ್ತಾರೆ? ನೀವು ಬೆಂಗಳೂರಿಂದ ಬರುತ್ತೀರಾ?

ತೀರ್ಥಹಳ್ಳಿಯಿಂದ ಬೆಂಗಳೂರಿಗೆ
ನಿಮ್ಮ ಟೂಲ್ ಮಾರಿದವರಾದರೂ ಬಂದರಾ?

ಪುತ್ತೂರು ಕೋಕ
ಇಬ್ಬರೂ ಸ್ವಲ್ಪ ನಿಲ್ಲಿಸಿ ಮಾರಾಯ್ರೇ. ಖರ್ಚಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಸಂಖ್ಯೆ ಸರಿ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ನಾನಿರುವ ಒಂದು ಗ್ರೂಪ್‌ನಲ್ಲಿ ಇದೇ ತರಹ ತಾನಾಗಿ ಬರುವ ಧಾರಣೆ ಇತ್ತು. ಹಬ್ಬಕ್ಕೆ ಮಾರುಕಟ್ಟೆ ರಜಾ. ಪುಟದಲ್ಲಿ ಹಳೆ ಧಾರಣೆಯೇ ಇತ್ತು. ಸ್ಕ್ರೇಪರ್ ಅದನ್ನು ತೆಗೆದು ಅವತ್ತಿನ ತಾರೀಕು ಹಾಕಿ ಕಳಿಸಿತು. ನಮ್ಮ ಮಾವ ಆ ದರ ನೋಡಿ ಹಳೆ ಅಡಿಕೆ ಕೊಡದೆ ಇಟ್ಟುಕೊಂಡರು. ರಜಾ ಮುಗಿದು ಬಾಗಿಲು ತೆರೆದಾಗ ಕೆಜಿಗೆ 12 ರೂಪಾಯಿ ಇಳಿದಿತ್ತು. 8 ಕ್ವಿಂಟಲ್‌ಗೆ 9,600. ಅಡ್ಮಿನ್ ಕ್ಷಮಿಸಿ ಅಂತ ಒಂದು ಸಾಲು ಬರೆದರು, ಅಷ್ಟೇ.

ಆದ್ದರಿಂದ ಹೇಳುತ್ತೇನೆ. ಪುಟದಲ್ಲಿರುವ ತಾರೀಕನ್ನೇ ಓದಬೇಕು. ಅದು ಇವತ್ತಿನದ್ದಲ್ಲದಿದ್ದರೆ ಫಿಲ್ಟರ್ ಅಲ್ಲೇ ತಡೆಯಬೇಕು. ಇನ್ನೊಂದು ತೊಂದರೆ ಸಂಖ್ಯೆಯ ನಡುವಿನ ಅಲ್ಪವಿರಾಮ. 48,500 ಅಂತ ಇರುವುದನ್ನು ಕೆಲವು ಕಡೆ ಬರೀ 48 ಅಂತ ಓದಿಕೊಳ್ಳುತ್ತದೆ. ಪಿಡಿಎಫ್‌ನಲ್ಲಿ ನುಡಿ ಫಾಂಟ್ ಇದ್ದರಂತೂ ಯೂನಿಕೋಡ್ ಅಲ್ಲದ ಅಕ್ಷರಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಬರುತ್ತವೆ.

ಸಾಗರದ ಕೊನೆಗೌಡ
ಇದು ಒಪ್ಪಿದೆ. ಆದರೆ ಗರಿಷ್ಠ ದರ ಹಾಕಲೇಬೇಡಿ. ಮೋಡಲ್ ದರ ಮಾತ್ರ ಹಾಕಿ, ಜಾಸ್ತಿ ಮಾಲು ಮಾರಾಟವಾದ ದರ ಅದು. ಒಂದು ಲಾಟ್‌ಗೆ ಸಿಕ್ಕಿದ ಗರಿಷ್ಠ ನೋಡಿ ಎಲ್ಲರೂ ತಮ್ಮ ಅಡಿಕೆಗೂ ಅದೇ ಬೇಕು ಅಂತ ಕೂರುತ್ತಾರೆ.

ಪುತ್ತೂರು ಕೋಕ
ಗರಿಷ್ಠ ಗೊತ್ತಿಲ್ಲದಿದ್ದರೆ ವ್ಯಾಪಾರಿ ಹೇಳಿದ್ದಕ್ಕೆ ಕೊಡುವುದಾ? ಒಳ್ಳೆ ಮಾಲು ಮಾಡಿದವನಿಗೆ ಗರಿಷ್ಠವೇ ಬೇಕು. ಕನಿಷ್ಠ, ಗರಿಷ್ಠ, ಮೋಡಲ್ ಎಲ್ಲವೂ ಇರಬೇಕು.

ತೀರ್ಥಹಳ್ಳಿಯಿಂದ ಬೆಂಗಳೂರಿಗೆ
ಸ್ಕ್ರೇಪ್ ಮಾಡುವುದೇ ಯಾಕೆ? ಡೇಟಾ ಡಾಟ್ ಗವ್ ಡಾಟ್ ಇನ್‌ನಲ್ಲಿ ದೇಶದ ಮಂಡಿಗಳ ದಿನದ ದರಕ್ಕೆ ಎಪಿಐ ಇದೆ, ಅಂದರೆ ಪುಟ ಓದದೆ ನೇರವಾಗಿ ಮಾಹಿತಿ ಕೇಳಿ ಪಡೆಯುವ ದಾರಿ. ಮೂರೂ ದರ ಬರುತ್ತವೆ. ಅದಕ್ಕೆ ಸ್ವಂತ ಕೀ, ಅಂದರೆ ಗುರುತಿನ ಸಂಕೇತ ತೆಗೆದುಕೊಳ್ಳಿ. ಮಾದರಿ ಕೀ ಕೊಟ್ಟರೆ 10 ಸಾಲು ಮಾತ್ರ ಸಿಗುತ್ತದೆ. ಪುಟದ ವಿನ್ಯಾಸ ಬದಲಾದರೂ ಇದಕ್ಕೇನೂ ಆಗುವುದಿಲ್ಲ.

ಪುತ್ತೂರು ಕೋಕ
ನಮ್ಮ ಮಾರುಕಟ್ಟೆಯ ಸಾಲು ಅದರಲ್ಲಿ ಕೆಲವು ದಿನ ಬರುವುದೇ ಇಲ್ಲ. ಸರಿಯಾಗಿ ಬರುವವರಿಗೆ ಒಳ್ಳೆಯದು.

ಶಿರಸಿ ತೋಟ
ಎಲ್ಲರಿಗೂ ಧನ್ಯವಾದ. ಮೇಕ್‌ನಲ್ಲಿ ಅಗ್ರಿಗೇಟರ್ ಹಾಕಿ ಇವತ್ತು ಕಳಿಸಿ ನೋಡಿದೆ. ಕಳಿಸಿದ್ದು ಸೆಂಟ್‌ನಲ್ಲಿದೆ, ನನ್ನ ಇನ್‌ಬಾಕ್ಸ್‌ಗೆ ಬಂದಿಲ್ಲ. ಗೂಗಲ್ ಗ್ರೂಪ್ ತಡೆಯುತ್ತಿದೆಯಾ?

ಹೊನ್ನಾವರದ ಗ್ರೂಪ್ ಅಡ್ಮಿನ್
ನಾನು ಗ್ರೂಪ್ ನಡೆಸುವವನು, ಇದೊಂದೇ ನನಗೆ ಗೊತ್ತಿರುವುದು. ನೀವೇ ಗ್ರೂಪ್‌ಗೆ ಕಳಿಸಿದ್ದನ್ನು ಜಿಮೇಲ್ ನಿಮ್ಮ ಇನ್‌ಬಾಕ್ಸ್‌ನಲ್ಲಿ ಮತ್ತೆ ತೋರಿಸುವುದಿಲ್ಲ. ಬೇರೆ ಸದಸ್ಯರನ್ನು ಕೇಳಿ. ಅವರಿಗೂ ಬಂದಿಲ್ಲದಿದ್ದರೆ ಗ್ರೂಪ್‌ನಲ್ಲಿ ಒಪ್ಪಿಗೆಗೆ ಕಾಯುವ ಮೇಲ್‌ಗಳ ಪೆಂಡಿಂಗ್ ಪಟ್ಟಿಯಲ್ಲಿ ನೋಡಿ. ಆಟೊಮೇಷನ್‌ಗೆ ಬೇರೆಯೇ ಜಿಮೇಲ್ ಖಾತೆ ಮಾಡಿ, ಅದನ್ನು ಸದಸ್ಯನನ್ನಾಗಿ ಸೇರಿಸಿ, ಪೋಸ್ಟ್ ಮಾಡುವ ಅನುಮತಿ ಕೊಡಿ. ಮತ್ತೆ ಯಾವ ಕಾರಣಕ್ಕೂ "ಗ್ರೂಪ್‌ನಲ್ಲಿ ಧಾರಣೆ ಅಂತ ಕೇಳಿದರೆ ಉತ್ತರ ಹೋಗಲಿ" ಅಂತ ಎರಡನೇ ಆಟೊಮೇಷನ್ ಇಡಬೇಡಿ. ನಮ್ಮಲ್ಲಿ ಜೊತೆ ಅಡ್ಮಿನ್ ಇಟ್ಟಿದ್ದರು. ಉತ್ತರದಲ್ಲೂ ಧಾರಣೆ ಅನ್ನುವ ಪದ ಇತ್ತು. ಅದಕ್ಕೆ ಅದೇ ಉತ್ತರ, ಮತ್ತೆ ಅದಕ್ಕೆ ಉತ್ತರ. ಜಿಮೇಲ್‌ನ ದಿನದ 500ರ ಮಿತಿ ಮುಟ್ಟಿದ ಮೇಲೇ ನಿಂತಿದ್ದು. ಬೆಳಿಗ್ಗೆ ಹಿರಿಯರೆಲ್ಲ ಗ್ರೂಪ್ ಬಿಟ್ಟಿದ್ದರು, ಮನೆ ಮನೆಗೆ ಹೋಗಿ ಸೇರಿಸಬೇಕಾಯಿತು.

ಕೋಲಾರ ಮಂಡಿ
ಅದಕ್ಕೇ ಹೇಳಿದ್ದು, ಇಮೇಲ್ ಬೇಡ ಅಂತ.

ಸಾಗರದ ಕೊನೆಗೌಡ
ಇಮೇಲ್‌ನಲ್ಲಿ ಯಾರ ನಂಬರೂ ಬ್ಯಾನ್ ಆಗಿಲ್ಲ ಅಣ್ಣ. ಶಿರಸಿಯವರೇ, ಸ್ಕ್ರಿಪ್ಟ್ ಬೇಕಿದ್ದರೆ ಇಲ್ಲೇ ಹಾಕುತ್ತೇನೆ. ತಾರೀಕು ನೋಡಿ ತಡೆಯುವುದನ್ನೂ ಸೇರಿಸಿದ್ದೇನೆ. ಮೋಡಲ್ ದರ ಮಾತ್ರ ಬರುತ್ತದೆ.

ಪುತ್ತೂರು ಕೋಕ
ಗರಿಷ್ಠವನ್ನೂ ಸೇರಿಸಿ ಹಾಕಿ. ಬೇಡದವರು ಆ ಕಾಲಂ ಅಳಿಸಿಕೊಳ್ಳಲಿ.