ಉತ್ತರ: ‘ಆರ್ಡ್’, ‘ಪ್ಲೌ’ – ಎರಡಕ್ಕೂ ನೇಗಿಲು ಅಂತಲೇ ಬರೆಯೋದಾ?

> ಹಳೇ ಬೇಸಾಯದ ಸಾಮಾನುಗಳ ಪ್ರದರ್ಶನಕ್ಕೆ ಹಲಗೆ ಬರೆಯುತ್ತಿದ್ದೇನೆ. ಯುರೋಪಿನ ಎರಡು ನೇಗಿಲುಗಳಿವೆ. ಮಣ್ಣು ಬರೀ ಸೀಳುವ ಆರ್ಡ್, ಮಣ್ಣು ಮಗುಚುವ ಪ್ಲೌ. ನಾಳೆ ಬೆಳಗ್ಗೆ ಅಚ್ಚಿಗೆ ಕೊಡಬೇಕು.

ಮೊದಲು ನಿಮ್ಮ ಹಲಗೆ. ಆರ್ಡ್‌ಗೆ ‘ನೇಗಿಲು’ ಸಾಕು. ನಮ್ಮ ಮರದ ನೇಗಿಲೂ ಸೀಳುತ್ತದೆ, ಮಗುಚುವುದಿಲ್ಲ. ಪ್ಲೌಗೆ ‘ರೆಕ್ಕೆ ನೇಗಿಲು’ ಅನ್ನಿ. ಮಣ್ಣು ಮಗುಚುವ ಭಾಗ ರೆಕ್ಕೆಯ ಹಾಗೇ ಇರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಇದೇ ಪ್ರಶ್ನೆಗೆ ಇನ್ನೊಬ್ಬರು ಸೂಚಿಸಿದ ‘ಮೃತ್ತಿಕಾ ಪರಿವರ್ತಕ ಹಲ’ ಬೇಡವೇ ಬೇಡ.

ಇನ್ನು ‘ಪ್ಲೌ ಅಪ್ಪಟ ಜರ್ಮ್ಯಾನಿಕ್ (ಇಂಗ್ಲಿಷ್, ಜರ್ಮನ್ ಬಳಗದ) ಪದ, ಅವರು ಸಾಲ ಮಾಡಲಿಲ್ಲ, ನಾವ್ಯಾಕೆ ಮಾಡಬೇಕು’ ಅಂತ ಇಲ್ಲಿ ಕೆಲವರು ಮಾಡಿದ ವಾದ. ತಪ್ಪು. *ಪ್ಲೋಗಜ್ ಅಂತ ಮೂಲರೂಪ ಕಟ್ಟಿದ್ದಾರೆ, ನಿಜ. ಬರಹದಲ್ಲಿ ಸಿಗದೆ ಊಹಿಸಿ ಕಟ್ಟಿದ ರೂಪಕ್ಕೆ ಹೀಗೆ ನಕ್ಷತ್ರ ಹಾಕುತ್ತಾರೆ. ನಕ್ಷತ್ರ ಹಾಕಿದ ಮಾತ್ರಕ್ಕೆ ಅದು ಮನೆಯ ಪದ ಆಗುವುದಿಲ್ಲ. ಆ ಮೊದಲ ‘ಪ’ ನೋಡಿ. ಜರ್ಮ್ಯಾನಿಕ್‌ನಲ್ಲಿ ಹಳೆಯ ಸದ್ದುಗಳು ಹೇಗೆ ಬದಲಾದವು ಅಂತ ಹೇಳುವ ಗ್ರಿಮ್ ನಿಯಮದಂತೆ ಅದು ಹಳೆಯ ‘ಬ’ದಿಂದ ಬರಬೇಕು. ಜರ್ಮ್ಯಾನಿಕ್, ಲ್ಯಾಟಿನ್, ಸಂಸ್ಕೃತಗಳ ಮೂಲ ನುಡಿಯಾದ ಇಂಡೋ-ಯುರೋಪಿಯನ್ನಿನಲ್ಲಿ ಪದದ ಮೊದಲಿಗೆ ‘ಬ’ ತೀರಾ ಅಪರೂಪ. ಅನುಮಾನ ಬರಲೇಬೇಕಲ್ವಾ? ಹಳೆಯ ಪದಗಳೂ ಬೇರೆಯೇ ಇದ್ದವು. ಗಾಥಿಕ್ ಅನ್ನುವ ಹಳೆಯ ಜರ್ಮ್ಯಾನಿಕ್ ನುಡಿಯ 4ನೇ ಶತಮಾನದ ಬೈಬಲ್‌ನಲ್ಲಿ ನೇಗಿಲಿಗೆ ‘ಹೋಹ’. ಹಳೆ ಇಂಗ್ಲಿಷಿನಲ್ಲಿ ‘ಸುಲ್ಹ್’. ನೇಗಿಲ ಸಾಲಿಗೆ ಲ್ಯಾಟಿನ್ನಿನಲ್ಲಿ ‘ಸುಲ್ಕುಸ್’ ಅನ್ನುತ್ತಾರಲ್ಲ, ಅದರ ನೆಂಟ. ‘ಪ್ಲೌ’ ಆಮೇಲೆ ಬಂದು ಅದನ್ನು ಮೂಲೆಗೆ ತಳ್ಳಿತು.

ಬಂದದ್ದೆಲ್ಲಿಂದ? 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಆಲ್ಪ್ಸ್ ಸೀಮೆಯ ರೇಷಿಯಾದಲ್ಲಿ ನೇಗಿಲಿಗೆ ಎರಡು ಪುಟ್ಟ ಗಾಲಿ ಸೇರಿಸಿದ್ದಾರೆ, ಅದಕ್ಕೆ ‘ಪ್ಲೌಮೊರಾತಿ’ ಅನ್ನುತ್ತಾರೆ ಎಂದು ಬರೆದಿದ್ದಾನೆ. ಇಟಲಿ ಆಳಿದ ಜರ್ಮ್ಯಾನಿಕ್ ಜನ ಲೊಂಬಾರ್ಡರ 643ರ ಕಾನೂನಿನಲ್ಲಿ ‘ಪ್ಲೋವುಮ್’ ಇದೆ. ಹೊಸ ನೇಗಿಲಿನ ಜೊತೆಗೇ ಅದರ ಹೆಸರೂ ಆಲ್ಪ್ಸ್ ಕಡೆಯಿಂದ ಬಂತು ಅನ್ನುವುದೇ ನನಗೆ ಸರಿ ಕಾಣುತ್ತದೆ.

ಲ್ಯಾಟಿನ್ ‘ಅರಾರೆ’ಗೂ (ಉಳುವುದು) ನಮ್ಮ ‘ಏರು ಕಟ್ಟು’ವಿನ ಏರಿಗೂ ನಂಟು ಹಚ್ಚಿದವರಿಗೆ: ಇಲ್ಲ. ಸುಮ್ನೆ ಸದ್ದಿನ ಹೋಲಿಕೆ.

ಪದಕ್ಕೆ ಮಡಿ ಉಡಿಸುವವರು ನೇಗಿಲನ್ನೂ ಒಮ್ಮೆ ನೋಡಬೇಕು. ತಮಿಳಿನ ನಾಂಜಿಲ್, ತೆಲುಗಿನ ನಾಗಲಿ, ಋಗ್ವೇದದ ಲಾಂಗಲ, ಮಲಯದ ತೆಂಗಾಲ. ಯಾರು ಯಾರಿಗೆ ಕೊಟ್ಟರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಸಂತಾಲಿ ಮುಂತಾದ ಮುಂಡಾ ನುಡಿಗಳ ಬಳಗದ ಕಡೆ ಬೊಟ್ಟು ಮಾಡುವವರೂ ಇದ್ದಾರೆ. ನಾಳೆ ಅದೂ ಸಾಲದ ಪದ ಅಂತ ಗಟ್ಟಿಯಾದರೆ ನೇಗಿಲನ್ನು ಬಿಟ್ಟುಬಿಡುತ್ತೀರಾ? ನಾನಂತೂ ಬಿಡುವುದಿಲ್ಲ.

ಹಲಗೆಯವರಿಗೆ ಇನ್ನೊಂದು ಮಾತು. ಪ್ರದರ್ಶನ ಧಾರವಾಡದ ಕಡೆ ಇದ್ದರೆ ಕೆಳಗೆ ‘ರಂಟೆ’ ಅಂತಲೂ ಸೇರಿಸಿ. ಅಲ್ಲಿ ಆ ಮಾತೇ ಜಾಸ್ತಿ.