‘ಕ್ರೀಮಿ’ ಅಂದರೆ ‘ಕೆನೆಭರಿತ’ವಾ?

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯಿಂದ ಒಂದು ಪದದ ತಕರಾರು ತಂದಿದ್ದೇನೆ.

ಕಳೆದ ಭಾನುವಾರ ಉಡುಪಿಯ ನಮ್ಮ ಮನೆಯಲ್ಲಿ ಮಗಳ ಹಟಕ್ಕೆ ಪಾಸ್ತಾ ಮಾಡಿದೆ. ಮಾಡುವ ವಿಧಾನ ಮೊಬೈಲಿನಲ್ಲಿ ಕನ್ನಡದಲ್ಲೇ ಸಿಕ್ಕಿತ್ತು, ಹೆಸರು ‘ಕೆನೆಭರಿತ ಅಣಬೆ ಪಾಸ್ತಾ’. ನಾನು ಆ ಹೆಸರನ್ನು ನಂಬಿದೆ. ಕೆನೆ ತಾನೇ ಅಂತ, ಹಾಲಿನ ಮೇಲಿಂದ ತೆಗೆದಿಟ್ಟದ್ದನ್ನು ಒಂದು ಬಟ್ಟಲು ಸುರಿದೆ. ಬಾಣಲೆಯಲ್ಲಿ ಸುತ್ತ ಜಿಡ್ಡು ಬಿಟ್ಟುಕೊಂಡು ನಡುವೆ ಬಿಳಿ ಚಿಂದಿ ತೇಲಿತು. ಅತ್ತೆ ಬಗ್ಗಿ ನೋಡಿ, “ಇದೆಂತ ಮಾರಾಯ್ತಿ, ಹಾಲು ಒಡೆದದ್ದಾ?” ಎಂದರು.

ತಪ್ಪು ನನ್ನದೇ. ಆದರೆ ಪದದ್ದೂ ಸ್ವಲ್ಪ ಉಂಟು. ನಮಗೆ ಕೆನೆ ಅಂದರೆ ಮೇಲೆ ಕಟ್ಟುವ ಪದರ. ಮೀಸಲಾತಿ ಕುರಿತ 1992ರ ಮಂಡಲ್ ತೀರ್ಪಿನಿಂದಾಗಿ ಬಳಕೆಗೆ ಬಂದ ‘ಕೆನೆಪದರ’ ಚೆನ್ನಾಗಿ ಕೂತದ್ದು ಅದಕ್ಕೇ, ಅಲ್ಲಿ ಮೇಲಿನವರದ್ದೇ ಮಾತು. ಪಾಸ್ತಾದ ‘ಕ್ರೀಮಿ’ ಸಾಮಾನಿನ ಹೆಸರಲ್ಲ, ಹದದ ಹೆಸರು. ರೋಮಿನವರು ಕಾರ್ಬೊನಾರಾ ಎಂಬ ಪಾಸ್ತಾಕ್ಕೆ ಕ್ರೀಮ್ ಹಾಕುವುದೇ ಇಲ್ಲ, ಮೊಟ್ಟೆ ಮತ್ತು ಚೀಸ್ ಸೇರಿಯೇ ಆ ಹದ ಬರುತ್ತದೆ. ಅಲ್ಫ್ರೆಡೊ ಎಂಬ ಪಾಸ್ತಾ ಕೂಡ ಅಲ್ಲಿ ಹುಟ್ಟಿದಾಗ ಬರೀ ಬೆಣ್ಣೆ, ಚೀಸ್. ಕ್ರೀಮ್ ಸೇರಿದ್ದು ಅಮೆರಿಕಕ್ಕೆ ಹೋದ ಮೇಲೆ. ಇವನ್ನು ‘ಕೆನೆಭರಿತ’ ಅಂದರೆ ಸುಳ್ಳಾಗುತ್ತದೆ, ಅಲ್ವಾ?

ಮತ್ತೆ ಮಾಡಿದೆ. ಅಣಬೆ ಬಿಟ್ಟ ನೀರೆಲ್ಲ ಆರುವವರೆಗೆ ಬೆಣ್ಣೆಯಲ್ಲಿ ಬಾಡಿಸಿ, ಒಂದು ಚಮಚ ಮೈದಾ ಹುರಿದು, ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿದೆ. ಕೊನೆಗೆ ಪಾಸ್ತಾ ಬಸಿದ ನೀರು ಅರ್ಧ ಸೌಟು. ಅದರಲ್ಲಿರುವ ಗಂಜಿ ಬೆಣ್ಣೆಯನ್ನೂ ನೀರನ್ನೂ ಬೇರೆಯಾಗಲು ಬಿಡುವುದಿಲ್ಲ. (ಈ ನೀರಿಗೆ ಹೊಸ ಹೆಸರು ಹುಡುಕಬೇಡಿ. ಕುಚ್ಚಲಕ್ಕಿ ಬಸಿದದ್ದು ತೆಳಿಯಾದರೆ ಇದೂ ತೆಳಿಯೇ.) ಸೌಟಿನ ಬೆನ್ನಿಗೆ ಮಂದವಾಗಿ ಹಿಡಿಯಿತು. ಬೆರಳಲ್ಲಿ ಗೆರೆ ಎಳೆದೆ, ಗೆರೆ ಕೂಡಿಕೊಳ್ಳದೆ ಹಾಗೇ ನಿಂತಿತು.

ಈ ಹದಕ್ಕೆ ಏನೆನ್ನುವುದು? ‘ಗಟ್ಟಿ’ ಅಂದರೆ ಜಾಸ್ತಿಯಾಯಿತು, ಮೇಲಾಗಿ ನಮ್ಮೂರಲ್ಲಿ ಅದು ಅರಸಿನ ಎಲೆಯಲ್ಲಿ ಬೇಯಿಸುವ ತಿಂಡಿ. ‘ಲೋಳೆ’ ಬಸಳೆಗೆ ಸರಿ, ಪಾಸ್ತಾಗೆ ಅಂದರೆ ಯಾರೂ ತಟ್ಟೆ ಮುಟ್ಟಲಿಕ್ಕಿಲ್ಲ. ತೆಂಗಿನಕಾಯಿಯ ಮೊದಲ ಹಾಲಿಗೆ ‘ದಪ್ಪ ಹಾಲು’ ಎನ್ನುತ್ತೇವಲ್ಲ, ಆ ‘ದಪ್ಪ’ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ನುಣ್ಣಗಿನ ಸುಳಿವೇ ಇಲ್ಲ.

ಅಷ್ಟರಲ್ಲಿ ಅತ್ತೆ ಮತ್ತೊಮ್ಮೆ ಬಗ್ಗಿ, “ಹಾಂ, ಈಗ ಗಸಿ ಆಯ್ತು” ಎಂದರು. ನಮ್ಮ ಕರಾವಳಿಯಲ್ಲಿ ಗಸಿ ಅಂದರೆ ತೆಂಗಿನಕಾಯಿ ಅರೆದು ಮಾಡುವ ಮಂದ ಸಾರು. ಕೋರಿ (ಕೋಳಿ) ಗಸಿ, ಕಡಲೆ ಗಸಿ ತಿಂದವರಿಗೆ ಬೇರೆ ವಿವರಣೆ ಬೇಡ. ಮಳೆ ಶುರುವಾದಾಗ ಸಿಗುವ ಕಲ್ಲಣಬೆಗೂ, ಅಂದರೆ ತುಳುವಿನ ಕಲ್ಲಲಾಂಬಿಗೂ, ನಮ್ಮ ಮನೆಯಲ್ಲಿ ಗಸಿಯೇ. ಹಾಗಾದರೆ ‘ಅಣಬೆ ಗಸಿ ಪಾಸ್ತಾ’ ಎನ್ನೋಣ ಅಂತ ಮೈಸೂರಿನ ಗೆಳತಿಗೆ ಫೋನಿನಲ್ಲಿ ಹೇಳಿದರೆ ಅವಳು ಜೋರಾಗಿ ನಕ್ಕಳು. ಅವಳಿಗೆ ಗಸಿ ಅಂದರೆ ಎಣ್ಣೆ, ತುಪ್ಪದ ತಳದಲ್ಲಿ ನಿಲ್ಲುವ ಚರಟವಂತೆ!

ಕೆನೆ ಪಾತ್ರೆಯ ಮೇಲಿನದು, ಗಸಿ ತಳದ್ದು. ನನಗೆ ಬೇಕಾದದ್ದು ನಡುವಿನದು. ಘಟ್ಟದ ಮೇಲಿನವರೇ, ನಿಮ್ಮ ಗಸಿಯೂ ನಮ್ಮ ಗಸಿಯೂ ಒಂದೇ ಪದವಾ? ಸೌಟಿಗೆ ಹೀಗೆ ಹಿಡಿಯುವ ಸಾರಿಗೆ, ಗೊಜ್ಜಿಗೆ ನಿಮ್ಮ ಮನೆಯಲ್ಲಿ ಅಜ್ಜಿಯಂದಿರು ಏನೆನ್ನುತ್ತಿದ್ದರು?