ಅಪ್‌ಡೇಟ್: ಟೀ ಕಪ್ ಗ್ಲೇಜ್ ಬಿರುಕಿನ ವಿಷಯ

ಹೋದ ಸಲ ಕೇಳಿದ್ನಲ್ಲ, ನಾನು ಕೆಲಸ ಮಾಡೋ ಸೆರಾಮಿಕ್ ಯೂನಿಟ್‌ನಲ್ಲಿ ಕಪ್‌ಗಳು ಸುಡೋ ಗೂಡಿಂದ ಚೆನ್ನಾಗೇ ಬರ್ತವೆ, ಆಮೇಲೆ ಗ್ಲೇಜಲ್ಲಿ (ಮೇಲಿನ ಗಾಜಿನಂಥ ಹೊಳಪು ಪದರದಲ್ಲಿ) ಕೂದಲೆಳೆ ಬಿರುಕು ಬೀಳ್ತವೆ ಅಂತ. ಸುಮಾರು ಜನ ಗೂಡು ಬೇಗ ತೆಗಿಬೇಡಿ ಅಂದ್ರಿ, ಅದನ್ನೂ ಮಾಡಿದ್ವಿ, 100 ಡಿಗ್ರಿಗಿಂತ ಕೆಳಗಿಳಿದ ಮೇಲೇ ಬಾಗಿಲು ತೆಗೆದ್ವಿ, ಬಿರುಕು ಸ್ವಲ್ಪ ದಿನ ತಡವಾಗಿ ಬಂತು ಅಷ್ಟೆ.

ಸರಿಯಾಗಿ ಹೇಳಿದ್ದು ಖಾನಾಪುರದಲ್ಲಿ ಕುಂಬಾರಿಕೆ ಟ್ರೈನಿಂಗ್ ಆದ ಅಕ್ಕ ಒಬ್ರು. ತಣ್ಣಗಾಗುವಾಗ ಗ್ಲೇಜು ಒಳಗಿನ ಮಣ್ಣಿಗಿಂತ ಜಾಸ್ತಿ ಕುಗ್ಗುತ್ತೆ, ಬಿಗಿ ಅಂಗಿ ಹೊಲಿಗೆ ಬಿಟ್ಟಂಗೆ ಸೀಳುತ್ತೆ, ಅದಕ್ಕೆ ಗ್ಲೇಜಲ್ಲಿ ಸೋಡಾ ಫೆಲ್ಡ್‌ಸ್ಪಾರ್ (ಸೋಡಿಯಂ ಇರೋ ಕಲ್ಲಿನ ಪುಡಿ) ಕಮ್ಮಿ ಮಾಡಿ ಕ್ವಾರ್ಟ್ಜ್ ಪುಡಿ ಜಾಸ್ತಿ ಮಾಡಿ ಅಂದ್ರು. ಹಂಗೇ ಮಾಡಿ 1220 ಡಿಗ್ರಿಗೆ ಸುಟ್ವಿ, ಗ್ಲೇಜೂ ತೆಳ್ಳಗೆ ಅದ್ದಿದ್ವಿ. ಕುದಿಯೋ ನೀರಲ್ಲಿಟ್ಟು ತಕ್ಷಣ ಐಸ್ ನೀರಿಗೆ ಹಾಕಿ, ಬಿರುಕಿದ್ರೆ ಕಾಣಲಿ ಅಂತ ಮೇಲೆ ಇಂಕ್ ಸವರಿ ಒರೆಸಿ ನೋಡಿದ್ವಿ, ಬಿಳಿ ಗ್ಲೇಜಲ್ಲಿ ಒಂದು ಗೆರೆನೂ ಇಲ್ಲ! ಥ್ಯಾಂಕ್ಸ್ ಅಕ್ಕ.

ತಾಮ್ರದ ನೀಲಿ ಗ್ಲೇಜ್ ಮಾತ್ರ ಬಗ್ಗಲ್ಲ, ಆ ಬಣ್ಣ ಬರೋದೇ ಸೋಡಿಯಂ ಜಾಸ್ತಿ ಇದ್ರೆ, ಸೋಡಿಯಂ ಜಾಸ್ತಿ ಆದ್ರೆ ಬಿರುಕು. ಅದನ್ನ ಕಪ್‌ಗೆ ಹಾಕೋದು ಬಿಟ್ಟು ಶೋಪೀಸ್‌ಗೆ ಇಟ್ಕೊಂಡಿದೀವಿ, ಮಾಲೀಕರಿಗೆ ಬೇಜಾರು, ಆರ್ಡರೆಲ್ಲ ಆ ನೀಲಿ ಕಪ್ಪಿಗೇ ಬರ್ತಿತ್ತು.